ಮಾದರಿ ರೈಲಿನ ಕ್ರಾಸಿಂಗ್‌ನಲ್ಲಿ ಡಿಕ್ಕಿ ತಡೆಯುವುದು ಹೇಗೆ

ಎರಡು ಹಳಿಗಳು ಒಂದೇ ಮಟ್ಟದಲ್ಲಿ ಒಂದನ್ನೊಂದು ಅಡ್ಡ ಹಾಯುವ ಡೈಮಂಡ್ ಕ್ರಾಸಿಂಗ್ ಇದ್ದರೆ ಮಾದರಿ ರೈಲಿನ ಲೇಔಟ್‌ಗೆ ಒಂದು ಕಳೆ ಬರುತ್ತದೆ. ಒಂದು ರೈಲು ಕಾದು ನಿಂತು ಇನ್ನೊಂದಕ್ಕೆ ದಾರಿ ಬಿಡುವ ದೃಶ್ಯವನ್ನು ಎಷ್ಟು ಸಲ ನೋಡಿದರೂ ಬೇಸರವಾಗುವುದಿಲ್ಲ. ಆದರೆ ಇಡೀ ಲೇಔಟ್‌ನಲ್ಲಿ ಒಂದು ರೈಲಿನ ಪಕ್ಕೆಗೆ ಇನ್ನೊಂದರ ಮೂತಿ ನೇರವಾಗಿ ಗುದ್ದುವ ಜಾಗವೂ ಇದೇ ಆಗಿರುತ್ತದೆ. ಪಕ್ಕದಿಂದ ಬಿದ್ದ ಪೆಟ್ಟಿಗೆ ಬೋಗಿ ಹಳಿ ತಪ್ಪುವುದಷ್ಟೇ ಅಲ್ಲ, ಕೆಲವೊಮ್ಮೆ ಮೇಜಿನ ಅಂಚಿನಿಂದ ನೆಲಕ್ಕೂ ಉರುಳುತ್ತದೆ. ತಿಂಗಳುಗಟ್ಟಲೆ ಕೂತು ಬಣ್ಣ ಹಚ್ಚಿದ ಎಂಜಿನ್ ಹಾಗೆ ಬಿದ್ದುದನ್ನು ಕಂಡವರಿಗೆ ಈ ಲೇಖನದ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕೆಲಸಕ್ಕೆ ಕೈಹಾಕುವವರಲ್ಲಿ ಹೆಚ್ಚಿನವರು ಎರಡನೆಯ ರೈಲನ್ನು ನಿಲ್ಲಿಸುವುದು ಹೇಗೆ ಎಂಬುದರ ಬಗ್ಗೆಯೇ ಯೋಚಿಸುತ್ತಾರೆ. ಅದು ಸುಲಭದ ಭಾಗ. ಹಳಿಗೆ ವಿದ್ಯುತ್ ತಪ್ಪಿಸಿದರೆ ರೈಲು ನಿಲ್ಲುತ್ತದೆ. ನಿಂತ ರೈಲನ್ನು ಯಾವ ಕ್ಷಣದಲ್ಲಿ ಬಿಡಬೇಕು ಎಂದು ತೀರ್ಮಾನಿಸುವುದೇ ನಿಜವಾಗಿ ಕಷ್ಟದ ಭಾಗ. ನಾನು ನೋಡಿದ ಕ್ರಾಸಿಂಗ್ ಡಿಕ್ಕಿಗಳಲ್ಲಿ ಬಹುಪಾಲು ನಡೆದದ್ದು ಮೊದಲ ರೈಲಿನ ಎಂಜಿನ್ ದಾಟಿದ ಮೇಲೆ, ಅದರ ಕೊನೆಯ ಬೋಗಿ ಇನ್ನೂ ಕ್ರಾಸಿಂಗ್ ಮೇಲೆ ಇರುವಾಗ. ಆದ್ದರಿಂದ ಮುಂದಿನ ಪ್ರತಿಯೊಂದು ಹೆಜ್ಜೆಯಲ್ಲೂ ರೈಲಿನ ಮೂತಿಯ ಜೊತೆಗೆ ಬಾಲದ ಮೇಲೂ ಕಣ್ಣಿಟ್ಟಿರಬೇಕು.

ಮೊದಲು: ಕ್ರಾಸಿಂಗ್ ಬೇಕೇ ಬೇಕೆ?

ಲೇಔಟ್ ಇನ್ನೂ ಕಾಗದದ ಮೇಲೆಯೇ ಇದ್ದರೆ ಒಂದು ಹಳಿಯನ್ನು ಇನ್ನೊಂದರ ಮೇಲೆ ಸೇತುವೆಯಲ್ಲಿ ದಾಟಿಸಲು ಸಾಧ್ಯವೇ ಎಂದು ಲೆಕ್ಕ ಹಾಕಿ ನೋಡಿರಿ. 1:87 ಅನುಪಾತದ ಎಚ್‌ಒ ಮಾದರಿಯಲ್ಲಿ ಕೆಳಗಿನ ಹಳಿಯ ಮೇಲ್ಮೈಯಿಂದ ಸೇತುವೆಯ ತಳದವರೆಗೆ ಸುಮಾರು 75 ರಿಂದ 80 ಮಿಲಿಮೀಟರ್ ಜಾಗ ಬೇಕಾಗುತ್ತದೆ. ಸೇತುವೆಯ ದಪ್ಪವನ್ನೂ ಸೇರಿಸಿದರೆ ಮೇಲಿನ ಹಳಿ ಸುಮಾರು 90 ಮಿಲಿಮೀಟರ್ ಏರಬೇಕು. ನೂರಕ್ಕೆ ಮೂರರ ಏರಿನಲ್ಲಿ ಅಷ್ಟು ಎತ್ತರಕ್ಕೆ ಹೋಗಲು 3 ಮೀಟರ್ ಹಳಿ ಬೇಕು, ಇಳಿಯಲು ಮತ್ತೆ ಅಷ್ಟೇ ಬೇಕು. ಚಿಕ್ಕ ಮೇಜಿನ ಮೇಲೆ ಇದು ಸಾಮಾನ್ಯವಾಗಿ ಸಾಧ್ಯವಾಗುವುದಿಲ್ಲ, ಸಾಧ್ಯವಾದರೂ ಉದ್ದದ ರೈಲು ಏರಿನಲ್ಲಿ ಎಳೆಯಲಾರದೆ ಚಕ್ರ ಜಾರಿಸುತ್ತದೆ. ಜಾಗ ಇದ್ದವರಿಗೆ ಸೇತುವೆಯಷ್ಟು ಖಚಿತವಾದ ರಕ್ಷಣೆ ಇನ್ನೊಂದಿಲ್ಲ. ಜಾಗ ಇಲ್ಲದವರು ಮುಂದಕ್ಕೆ ಓದಬೇಕು.

ಎರಡನೆಯ ಹೆಜ್ಜೆ: ತಾಕುವ ಗಡಿಯನ್ನು ಗುರುತಿಸುವುದು

ಕಾಯುತ್ತಿರುವ ರೈಲಿನ ಮೂತಿ ಎಲ್ಲಿಯವರೆಗೆ ಬಂದರೆ ದಾಟುತ್ತಿರುವ ರೈಲಿಗೆ ತಾಕುವುದಿಲ್ಲವೋ ಆ ಬಿಂದುವನ್ನು ರೈಲ್ವೆಯವರು ಫೌಲಿಂಗ್ ಮಾರ್ಕ್ ಎನ್ನುತ್ತಾರೆ. ಕ್ರಾಸಿಂಗ್‌ನ ನಾಲ್ಕೂ ಕಡೆ ಇಂಥ ಒಂದೊಂದು ಗುರುತು ಇರಬೇಕು. ಇದನ್ನು ಕಣ್ಣಂದಾಜಿನಲ್ಲಿ ಹಾಕಿದರೆ ತಪ್ಪುವುದು ಖಂಡಿತ, ಏಕೆಂದರೆ ಹಳಿಗಳು ಅಡ್ಡ ಹಾಯುವ ಕೋನ ಕಿರಿದಾದಂತೆ ಗಡಿಯು ನಾವು ಎಣಿಸಿದ್ದಕ್ಕಿಂತ ಬಹಳ ಹಿಂದಕ್ಕೆ ಸರಿಯುತ್ತದೆ.

ಲೆಕ್ಕ ಸರಳವಾಗಿದೆ. ರೈಲಿನ ಅಗಲಕ್ಕೆ ಸ್ವಲ್ಪ ಹೆಚ್ಚಿನ ಜಾಗವನ್ನು ಸೇರಿಸಿ ಅದರ ಅರ್ಧವನ್ನು ತೆಗೆದುಕೊಳ್ಳಬೇಕು. ಹಳಿಗಳ ನಡುವಿನ ಕೋನದ ಅರ್ಧಕ್ಕೆ ಟ್ಯಾಂಜೆಂಟ್ ಬೆಲೆ ಕಂಡುಹಿಡಿದು ಅದರಿಂದ ಭಾಗಿಸಬೇಕು. ಬರುವ ಉತ್ತರವೇ ಕ್ರಾಸಿಂಗ್‌ನ ನಡುಬಿಂದುವಿನಿಂದ ಗಡಿಗೆ ಇರಬೇಕಾದ ಕನಿಷ್ಠ ದೂರ. ಎಚ್‌ಒ ಬೋಗಿಯ ಅಗಲ ಸುಮಾರು 35 ರಿಂದ 37 ಮಿಲಿಮೀಟರ್ ಇರುವುದರಿಂದ 40 ಎಂದು ಹಿಡಿದರೆ ಅರ್ಧ 20 ಆಗುತ್ತದೆ. ಹಳಿಗಳು 90 ಡಿಗ್ರಿಯಲ್ಲಿ ಹಾಯ್ದಾಗ ಗಡಿಯ ದೂರ 20 ಮಿಲಿಮೀಟರ್, 45 ಡಿಗ್ರಿಯಲ್ಲಿ ಸುಮಾರು 48, 30 ಡಿಗ್ರಿಯಲ್ಲಿ 75, 15 ಡಿಗ್ರಿಯಲ್ಲಿ 152 ಮಿಲಿಮೀಟರ್. ಅಂದರೆ ಲಂಬ ಕೋನದ ಕ್ರಾಸಿಂಗ್‌ಗೆ ಹೋಲಿಸಿದರೆ 15 ಡಿಗ್ರಿಯ ಕ್ರಾಸಿಂಗ್‌ಗೆ ಏಳು ಪಟ್ಟಿಗಿಂತ ಹೆಚ್ಚು ದೂರ ಬೇಕು. 1:160 ಅನುಪಾತದ ಎನ್ ಮಾದರಿಯಲ್ಲಿ ಅಗಲವನ್ನು 22 ಎಂದು ಹಿಡಿದರೆ 30 ಡಿಗ್ರಿಗೆ 41 ಮಿಲಿಮೀಟರ್, 15 ಡಿಗ್ರಿಗೆ 84 ಮಿಲಿಮೀಟರ್ ಬರುತ್ತದೆ.

ಈ ಲೆಕ್ಕ ನೇರ ಹಳಿಗೆ ಮಾತ್ರ ಅನ್ವಯಿಸುತ್ತದೆ. ಕ್ರಾಸಿಂಗ್ ಹತ್ತಿರವೇ ತಿರುವು ಇದ್ದರೆ ಉದ್ದದ ಬೋಗಿಯ ನಡುಭಾಗ ತಿರುವಿನ ಒಳಕ್ಕೂ ಎರಡು ತುದಿಗಳು ಹೊರಕ್ಕೂ ಚಾಚಿಕೊಳ್ಳುತ್ತವೆ. ಆದ್ದರಿಂದ ಲೆಕ್ಕದ ಗುರುತನ್ನು ಪೆನ್ಸಿಲ್‌ನಲ್ಲಿ ಹಾಕಿದ ಮೇಲೆ ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯನ್ನು ಒಂದು ಹಳಿಯ ಮೇಲೆ ಕೈಯಿಂದ ಮೆಲ್ಲಗೆ ತಳ್ಳುತ್ತಾ, ಇನ್ನೊಂದು ಹಳಿಯ ಗುರುತಿನಲ್ಲಿ ಎಂಜಿನ್ ನಿಲ್ಲಿಸಿ, ಎರಡರ ನಡುವೆ ಬೆರಳಿನ ಉಗುರಿನಷ್ಟಾದರೂ ಜಾಗ ಉಳಿಯುತ್ತದೆಯೇ ಎಂದು ನೋಡಬೇಕು. ಹಾಗೆ ನೋಡಿದ ಮೇಲೆಯೇ ಗುರುತನ್ನು ಕಾಯಂ ಮಾಡಬೇಕು.

ಮೂರನೆಯ ಹೆಜ್ಜೆ: ರೈಲಿನ ಉದ್ದವನ್ನು ಅಳೆಯುವುದು

ಎಂಟರ ಆಕಾರದ ಲೇಔಟ್‌ನಲ್ಲಿ ಒಂದೇ ರೈಲು ಓಡುತ್ತಿದ್ದರೂ ಡಿಕ್ಕಿ ಆಗಬಹುದು. ರೈಲು ಒಂದು ಸುತ್ತಿಗಿಂತ ಉದ್ದವಾದರೆ ಅದರ ಮೂತಿ ಅದರದೇ ಬಾಲಕ್ಕೆ ಗುದ್ದುತ್ತದೆ. ರಕ್ಷಣಾ ವ್ಯವಸ್ಥೆ ಅಳವಡಿಸಿದ ಮೇಲೆ ಇದೇ ತೊಂದರೆ ಇನ್ನೊಂದು ರೂಪದಲ್ಲಿ ಬರುತ್ತದೆ. ಎಂಜಿನ್ ಸುತ್ತು ಮುಗಿಸಿ ಎರಡನೆಯ ದಾರಿಯಿಂದ ಕ್ರಾಸಿಂಗ್‌ಗೆ ಬಂದಾಗ ಬಾಲ ಇನ್ನೂ ಮೊದಲ ದಾರಿಯಲ್ಲಿ ಕ್ರಾಸಿಂಗ್ ಮೇಲೆ ಇದ್ದರೆ ವ್ಯವಸ್ಥೆ ಎಂಜಿನ್ನನ್ನು ನಿಲ್ಲಿಸುತ್ತದೆ. ಎಂಜಿನ್ ನಿಂತುದರಿಂದ ಬಾಲ ಸರಿಯುವುದಿಲ್ಲ, ಬಾಲ ಸರಿಯದೆ ಎಂಜಿನ್ ಬಿಡುಗಡೆಯಾಗುವುದಿಲ್ಲ. ಇದಕ್ಕೆ ವಿದ್ಯುತ್ ಜೋಡಣೆಯಲ್ಲಿ ಪರಿಹಾರವಿಲ್ಲ. ಕ್ರಾಸಿಂಗ್‌ನಿಂದ ಹೊರಟು ಮತ್ತೆ ಕ್ರಾಸಿಂಗ್‌ಗೆ ಬರುವ ಎರಡು ಸುತ್ತುಗಳಲ್ಲಿ ಚಿಕ್ಕದನ್ನು ಅಳೆದು, ಅದರಲ್ಲಿ ನಿಲುಗಡೆಯ ಭಾಗದ (ಕ್ರಾಸಿಂಗ್‌ಗೆ ಮೊದಲು ರೈಲನ್ನು ನಿಲ್ಲಿಸಲು ಬೇರ್ಪಡಿಸುವ ಹಳಿಯ) ಉದ್ದವನ್ನು ಕಳೆದು, ಉಳಿದುದಕ್ಕಿಂತ ಗಿಡ್ಡವಾದ ರೈಲನ್ನು ಮಾತ್ರ ಓಡಿಸಬೇಕು.

ಎರಡು ರೈಲುಗಳನ್ನು ಇದೇ ಆಕಾರದಲ್ಲಿ ಓಡಿಸುವವರು ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಮೊದಲನೆಯ ರೈಲು ಕ್ರಾಸಿಂಗ್ ದಾಟಿ ಹೋಗುವುದು ಎರಡನೆಯ ರೈಲು ಕಾಯುತ್ತಿರುವ ಸುತ್ತಿಗೇ ಆಗಿರಬಹುದು. ಆ ಸುತ್ತಿನಲ್ಲಿ ಎರಡಕ್ಕೂ ಜಾಗವಿಲ್ಲದಿದ್ದರೆ ಕ್ರಾಸಿಂಗ್‌ನಲ್ಲಿ ತಪ್ಪಿದ ಡಿಕ್ಕಿ ಹಿಂದಿನಿಂದ ಗುದ್ದುವ ಡಿಕ್ಕಿಯಾಗಿ ಬರುತ್ತದೆ. ಆಚೆ ನಿಲ್ಲಲು ಜಾಗ ಇದೆ ಎಂಬುದು ಖಚಿತವಾಗದೆ ಯಾವ ರೈಲನ್ನೂ ಕ್ರಾಸಿಂಗ್ ಒಳಗೆ ಬಿಡಬಾರದು.

ನಾಲ್ಕನೆಯ ಹೆಜ್ಜೆ: ನಿಲುಗಡೆಯ ಭಾಗವನ್ನು ಬೇರ್ಪಡಿಸುವುದು

ಇಲ್ಲಿಂದ ಮುಂದೆ ಮೊದಲು 12 ವೋಲ್ಟ್ ಡಿಸಿ ಕಂಟ್ರೋಲರ್‌ನಿಂದ ನಡೆಯುವ ಲೇಔಟ್ ಬಗ್ಗೆ ಹೇಳುತ್ತೇನೆ. ಹಳಿಯ ಮೂಲಕವೇ ಪ್ರತಿ ಎಂಜಿನ್‌ಗೆ ಡಿಜಿಟಲ್ ಆಜ್ಞೆ ಕಳುಹಿಸುವ ಡಿಸಿಸಿ ಪದ್ಧತಿಯ ವಿಚಾರ ಕೊನೆಯಲ್ಲಿ ಬರುತ್ತದೆ.

ಕ್ರಾಸಿಂಗ್‌ಗೆ ಮೊದಲು ಹಳಿಯ ಒಂದು ಭಾಗವನ್ನು ಪ್ಲಾಸ್ಟಿಕ್ ಜಾಯಿನರ್ ಹಾಕಿ ಉಳಿದ ಹಳಿಯಿಂದ ವಿದ್ಯುತ್ತಿನ ಮಟ್ಟಿಗೆ ಬೇರ್ಪಡಿಸಬೇಕು. ಎರಡು ಕಂಬಿಗಳಲ್ಲಿ ಒಂದನ್ನು ಕತ್ತರಿಸಿದರೆ ಸಾಕಾಗುತ್ತದೆ. ಆದರೆ ಎರಡು ದಾರಿಗಳಿಗೆ ಎರಡು ಬೇರೆ ಕಂಟ್ರೋಲರ್‌ಗಳಿದ್ದರೆ ಎರಡೂ ಕಂಬಿಗಳನ್ನು ಕತ್ತರಿಸುವುದು ಒಳ್ಳೆಯದು. ಈ ಭಾಗದ ಉದ್ದ ಎಷ್ಟಿರಬೇಕು ಎಂಬುದರಲ್ಲೇ ಹಲವರು ಎಡವುತ್ತಾರೆ. ಎಂಜಿನ್‌ನ ಮೊದಲ ಚಕ್ರ ತುಂಡರಿಸಿದ ಜಾಗವನ್ನು ದಾಟಿದ ಕೂಡಲೇ ಎಂಜಿನ್ ನಿಲ್ಲುವುದಿಲ್ಲ. ವಿದ್ಯುತ್ ಪಡೆಯುವ ಅದರ ಕೊನೆಯ ಚಕ್ರವೂ ದಾಟಿದ ಮೇಲೆಯೇ ಮೋಟಾರಿಗೆ ವಿದ್ಯುತ್ ನಿಲ್ಲುತ್ತದೆ. ಫ್ಲೈವೀಲ್ (ಮೋಟಾರಿಗೆ ಸೇರಿದ ಭಾರದ ಚಕ್ರ) ಇರುವ ಎಂಜಿನ್ ಆ ಮೇಲೂ ಸ್ವಲ್ಪ ದೂರ ಉರುಳುತ್ತದೆ, ಹಿಂದೆ ಭಾರದ ಬೋಗಿಗಳಿದ್ದರೆ ಅವೂ ಅದನ್ನು ಮುಂದಕ್ಕೆ ನೂಕುತ್ತವೆ. ಆದ್ದರಿಂದ ತುಂಡರಿಸಿದ ಜಾಗದಿಂದ ಫೌಲಿಂಗ್ ಗುರುತಿನವರೆಗಿನ ದೂರವು ಅತಿ ಉದ್ದದ ಎಂಜಿನ್‌ನ ಉದ್ದ, ಅದು ಪೂರ್ಣ ವೇಗದಲ್ಲಿ ಉರುಳುವ ದೂರ, ಅದರ ಮೇಲೆ ಕೆಲವು ಸೆಂಟಿಮೀಟರ್, ಇವೆಲ್ಲ ಸೇರಿದಷ್ಟಿರಬೇಕು. 20 ಮೀಟರ್ ಉದ್ದದ ನಿಜವಾದ ಎಂಜಿನ್ ಎಚ್‌ಒ ಮಾದರಿಯಲ್ಲಿ 23 ಸೆಂಟಿಮೀಟರ್ ಆಗುತ್ತದೆ. ಎರಡು ಎಂಜಿನ್‌ಗಳನ್ನು ಜೋಡಿಸಿ ಓಡಿಸುವವರು ಅದನ್ನು ಇಮ್ಮಡಿ ಮಾಡಿ ಎಣಿಸಬೇಕು. ಉರುಳುವ ದೂರವನ್ನು ಊಹಿಸಬಾರದು. ಪ್ರತಿ ಎಂಜಿನ್ನನ್ನೂ ಪೂರ್ಣ ವೇಗದಲ್ಲಿ ಓಡಿಸಿ, ಒಂದು ಗುರುತಿನಲ್ಲಿ ವಿದ್ಯುತ್ ತಪ್ಪಿಸಿ, ಅಳತೆಪಟ್ಟಿಯಿಂದಲೇ ಅಳೆದು ಬರೆದಿಟ್ಟುಕೊಳ್ಳಬೇಕು.

ಕ್ರಾಸಿಂಗ್ ಒಳಗಿನ ಹಳಿಯನ್ನು ಏನು ಮಾಡಬೇಕು? ಅದನ್ನು ಸದಾ ಜೀವಂತ, ಅಂದರೆ ವಿದ್ಯುತ್ ಇರುವಂತೆ, ಇಟ್ಟರೆ ಒಂದು ಅಪಾಯವಿದೆ. ನಿಲುಗಡೆಯಲ್ಲಿ ಸ್ವಲ್ಪ ಹೆಚ್ಚು ಉರುಳಿದ ಎಂಜಿನ್‌ನ ಮುಂದಿನ ಚಕ್ರ ಕ್ರಾಸಿಂಗ್‌ನ ಹಳಿಯನ್ನು ಮುಟ್ಟಿದರೆ ಮೋಟಾರಿಗೆ ಮತ್ತೆ ವಿದ್ಯುತ್ ಸಿಕ್ಕಿ ಎಂಜಿನ್ ನೇರವಾಗಿ ಡಿಕ್ಕಿಯತ್ತ ಓಡುತ್ತದೆ. ನನ್ನ ಮೊದಲ ಜೋಡಣೆಯಲ್ಲಿ ಈ ತಪ್ಪು ಇತ್ತು, ಅದು ಬೆಳಕಿಗೆ ಬಂದದ್ದು ಹೊಸ ಎಂಜಿನ್ ತಂದ ದಿನ. ಆದ್ದರಿಂದ ನಿಲುಗಡೆಯ ಭಾಗವನ್ನು ಫೌಲಿಂಗ್ ಗುರುತಿಗೆ ಮುಗಿಸದೆ, ಅದೇ ದಾರಿಯಲ್ಲಿ ಕ್ರಾಸಿಂಗ್ ದಾಟಿ ಆಚೆಯ ಗುರುತಿನವರೆಗೂ ಮುಂದುವರಿಸಬೇಕು. ದಾರಿ ಸಿಗದ ರೈಲಿಗೆ ಕ್ರಾಸಿಂಗ್ ಪೂರ್ತಿ ನಿರ್ಜೀವವಾಗಿರಬೇಕು.

ಒಳಗೆ ದೀಪ ಇರುವ ಬೋಗಿಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಬೋಗಿಯ ಮುಂದಿನ ಮತ್ತು ಹಿಂದಿನ ಚಕ್ರಗಳೆರಡೂ ಒಂದೇ ಕಂಬಿಯಿಂದ ವಿದ್ಯುತ್ ಪಡೆದು ಒಂದೇ ತಂತಿಗೆ ಸೇರುತ್ತಿದ್ದರೆ, ಮುಂದಿನ ಚಕ್ರ ನಿರ್ಜೀವ ಭಾಗದಲ್ಲೂ ಹಿಂದಿನ ಚಕ್ರ ಜೀವಂತ ಭಾಗದಲ್ಲೂ ಇರುವಾಗ ಆ ಬೋಗಿಯೇ ಸೇತುವೆಯಾಗಿ ಎಂಜಿನ್‌ಗೆ ವಿದ್ಯುತ್ ಹರಿಸುತ್ತದೆ. ನಿಲ್ಲಬೇಕಾದ ರೈಲು ನಿಲ್ಲುವುದಿಲ್ಲ, ದೀಪದ ಸಣ್ಣ ತಂತಿ ಬಿಸಿಯಾಗುತ್ತದೆ. ಮುಂದಿನ ಚಕ್ರಗಳು ಎಡ ಕಂಬಿಯಿಂದಲೂ ಹಿಂದಿನ ಚಕ್ರಗಳು ಬಲ ಕಂಬಿಯಿಂದಲೂ ವಿದ್ಯುತ್ ಪಡೆಯುವಂತೆ ಬೋಗಿಯನ್ನು ಬದಲಾಯಿಸಿಕೊಂಡರೆ ಈ ತೊಂದರೆ ತಪ್ಪುತ್ತದೆ.

ಎಂಜಿನ್ ಹಿಂದೆ ಇದ್ದು ಬೋಗಿಗಳನ್ನು ತಳ್ಳಿಕೊಂಡು ಬರುವ ರೈಲಿಗೆ ಈ ಯಾವ ನಿಲುಗಡೆಯೂ ರಕ್ಷಣೆ ಕೊಡುವುದಿಲ್ಲ. ಎಂಜಿನ್ ನಿರ್ಜೀವ ಭಾಗವನ್ನು ತಲುಪುವ ಹೊತ್ತಿಗೆ ಮುಂದಿನ ಬೋಗಿ ಕ್ರಾಸಿಂಗ್ ಮಧ್ಯದಲ್ಲಿರುತ್ತದೆ. ಅಂಥ ರೈಲು ಓಡಿಸುವುದಾದರೆ ನಿರ್ಜೀವ ಭಾಗವು ಇಡೀ ರೈಲಿನ ಉದ್ದಕ್ಕಿಂತ ಹೆಚ್ಚಿರಬೇಕು, ಇಲ್ಲವೇ ಆ ದಾರಿಯಲ್ಲಿ ತಳ್ಳುವ ರೈಲನ್ನು ಓಡಿಸಲೇಬಾರದು.

ಡಿಸಿ ಲೇಔಟ್‌ನಲ್ಲಿ ನಿರ್ಜೀವ ಭಾಗಕ್ಕೆ ಹೋಗಿ ನಿಂತ ರೈಲನ್ನು ಹಿಂದಕ್ಕೆ ತೆಗೆಯಬೇಕೆಂದರೆ ತುಂಡರಿಸಿದ ಜಾಗಕ್ಕೆ ಒಂದು ಡಯೋಡನ್ನು ಅಡ್ಡಲಾಗಿ ಬೆಸೆಯಬಹುದು. ಅದು ಮುಂದಕ್ಕೆ ಹೋಗುವ ದಿಕ್ಕಿನ ವಿದ್ಯುತ್ತನ್ನು ತಡೆದು, ಹಿಂದಕ್ಕೆ ಬರುವ ದಿಕ್ಕಿನದನ್ನು ಬಿಡುತ್ತದೆ. ಡಯೋಡ್‌ನ ಯಾವ ತುದಿ ಯಾವ ಕಡೆ ಇರಬೇಕೆಂದು ಗೊಂದಲವಾದರೆ ಒಮ್ಮೆ ಹಾಕಿ ಎಂಜಿನ್ ಓಡಿಸಿ ನೋಡಿದರೆ ತಿಳಿಯುತ್ತದೆ. ಮುಂದಕ್ಕೆ ಹೋಗುವಾಗ ನಿಲ್ಲದಿದ್ದರೆ ತಿರುಗಿಸಿ ಬೆಸೆಯಬೇಕು.

ಐದನೆಯ ಹೆಜ್ಜೆ: ಒಂದೇ ಬೀಗ, ಒಂದೇ ಕೈ

ದೊಡ್ಡ ರೈಲ್ವೆಯಲ್ಲಿ ಒಂದಕ್ಕೊಂದು ವಿರುದ್ಧವಾದ ಸಿಗ್ನಲ್‌ಗಳನ್ನು ಒಟ್ಟಿಗೆ ಎಳೆಯಲಾಗದಂತೆ ಸನ್ನೆಗಳನ್ನೇ ಪರಸ್ಪರ ಬಿಗಿಯುವ ಇಂಟರ್‌ಲಾಕಿಂಗ್ ವ್ಯವಸ್ಥೆಗೆ ಇಂಗ್ಲೆಂಡ್‌ನ ಜಾನ್ ಸ್ಯಾಕ್ಸ್‌ಬಿ 1856ರಲ್ಲಿ ಪೇಟೆಂಟ್ ಪಡೆದರು. ಅದರ ಹಿಂದಿನ ವಿಚಾರ ನಮಗೂ ಬೇಕಾದದ್ದೇ ಆಗಿದೆ. ಮನುಷ್ಯ ತಪ್ಪು ಮಾಡುತ್ತಾನೆಂದು ಒಪ್ಪಿಕೊಂಡು, ತಪ್ಪು ಮಾಡಲು ಹೊರಟರೂ ಯಂತ್ರ ಅದಕ್ಕೆ ಬಗ್ಗದಂತೆ ಮಾಡುವುದೇ ಆ ವಿಚಾರ.

ಮಾದರಿ ಲೇಔಟ್‌ನಲ್ಲಿ ಇದರ ಅತ್ಯಂತ ಸರಳ ರೂಪ ಒಂದೇ ಒಂದು ಟಾಗಲ್ ಸ್ವಿಚ್. ಸ್ವಿಚ್‌ನ ನಡುವಿನ ತುದಿಗೆ ವಿದ್ಯುತ್ ಕೊಟ್ಟು, ಒಂದು ಪಕ್ಕದ ತುದಿಯನ್ನು ಮೊದಲ ದಾರಿಯ ನಿಲುಗಡೆಯ ಭಾಗಕ್ಕೂ ಇನ್ನೊಂದನ್ನು ಎರಡನೆಯ ದಾರಿಯದಕ್ಕೂ ಜೋಡಿಸಬೇಕು. ಸ್ವಿಚ್‌ನ ಒಳಗಿನ ನಾಲಗೆ ಒಂದೇ ಸಮಯಕ್ಕೆ ಎರಡೂ ಕಡೆ ತಾಗಲಾರದು, ಆದ್ದರಿಂದ ಎರಡೂ ದಾರಿಗಳಿಗೆ ಒಟ್ಟಿಗೆ ವಿದ್ಯುತ್ ಹೋಗುವ ಸಾಧ್ಯತೆಯೇ ಇರುವುದಿಲ್ಲ. ಎರಡು ಕಂಟ್ರೋಲರ್ ಇದ್ದರೆ ಎರಡು ಧ್ರುವಗಳ (ಒಟ್ಟಿಗೆ ತಿರುಗುವ ಎರಡು ಬೇರೆ ಬೇರೆ ನಾಲಗೆಗಳಿರುವ) ಸ್ವಿಚ್ ತೆಗೆದುಕೊಂಡು, ಒಂದು ಧ್ರುವವನ್ನು ಒಂದೊಂದು ಕಂಟ್ರೋಲರ್‌ಗೆ ಮೀಸಲಿಡಬೇಕು. ಎರಡನ್ನೂ ನಿಲ್ಲಿಸಲು ನಡುವೆ ನಿಲ್ಲುವ ಸ್ವಿಚ್ ಸಿಕ್ಕರೆ ಇನ್ನೂ ಉತ್ತಮ. ಪ್ರತಿ ದಾರಿಗೂ ಬೇರೆ ಬೇರೆ ಆನ್ ಆಫ್ ಸ್ವಿಚ್ ಹಾಕುವವರನ್ನು ಕಂಡಿದ್ದೇನೆ. ಎರಡನ್ನೂ ಮರೆತು ಆನ್ ಮಾಡುವ ದಿನ ಬಂದೇ ಬರುತ್ತದೆ, ಆದ್ದರಿಂದ ಆ ಪದ್ಧತಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಸ್ವಯಂಚಾಲಿತವಾಗಿ ನಡೆಯಬೇಕೆಂದರೆ ಸ್ವಿಚ್‌ನ ಜಾಗದಲ್ಲಿ 12 ವೋಲ್ಟ್ ರಿಲೇ, ಅಂದರೆ ವಿದ್ಯುತ್ ಸುರುಳಿಯಿಂದ ತಿರುಗುವ ಸ್ವಿಚ್, ಇಡಬೇಕು. ನಾಲಗೆಯ ಗುಣ ರಿಲೇಯಲ್ಲೂ ಹಾಗೆಯೇ ಇರುತ್ತದೆ. ರಿಲೇಯ ಸುರುಳಿಗೆ ಅಡ್ಡಲಾಗಿ, ಹರಿವಿಗೆ ವಿರುದ್ಧ ದಿಕ್ಕಿನಲ್ಲಿ ಒಂದು 1ಎನ್4007 ಡಯೋಡ್ ಹಾಕುವುದನ್ನು ಮರೆಯಬಾರದು; ಅದು ಇಲ್ಲದಿದ್ದರೆ ಸುರುಳಿ ಆಫ್ ಆಗುವಾಗ ಏಳುವ ಹಿಮ್ಮುಖ ವೋಲ್ಟೇಜ್ ರಿಲೇಯನ್ನು ನಡೆಸುವ ಟ್ರಾನ್ಸಿಸ್ಟರನ್ನು ಸುಡುತ್ತದೆ.

ಕ್ರಾಸಿಂಗ್‌ನ ನಾಲ್ಕು ಮೂಲೆಯ ಲೋಹದ ಭಾಗಗಳಿಗೆ ವಿದ್ಯುತ್ ಹರಿಯುವ ಬಗೆಯದ್ದಾದರೆ, ಯಾವ ದಾರಿ ತೆರೆದಿದೆಯೋ ಅದಕ್ಕೆ ತಕ್ಕಂತೆ ಆ ಭಾಗಗಳ ಧ್ರುವವನ್ನು ಬದಲಿಸಲೇಬೇಕಾಗುತ್ತದೆ, ಇಲ್ಲವಾದರೆ ಶಾರ್ಟ್ ಆಗುತ್ತದೆ. ಅಂಥವರು ನಾಲ್ಕು ಧ್ರುವದ ರಿಲೇ ತೆಗೆದುಕೊಂಡು ಎರಡು ಧ್ರುವಗಳನ್ನು ಇದಕ್ಕೂ ಇನ್ನೆರಡನ್ನು ನಿಲುಗಡೆಯ ಭಾಗಗಳಿಗೂ ಬಳಸಬೇಕು. ಒಂದೇ ರಿಲೇ ಎರಡೂ ಕೆಲಸ ಮಾಡುವುದರಿಂದ ಒಂದು ಬದಲಾಗಿ ಇನ್ನೊಂದು ಹಿಂದೆ ಉಳಿಯುವ ಪ್ರಸಂಗ ಬರುವುದಿಲ್ಲ.

ಆರನೆಯ ಹೆಜ್ಜೆ: ಬಾಲ ಹೋಯಿತೆಂದು ತಿಳಿಯುವುದು

ಈಗ ಮುಖ್ಯ ವಿಷಯಕ್ಕೆ ಬರೋಣ. ಎರಡು ದಾರಿಗೂ ರೈಲು ಬರುವುದನ್ನು ತಿಳಿಸುವ ಒಂದೊಂದು ‘ಬರುವ ಸೆನ್ಸರ್’ ಬೇಕು, ಕ್ರಾಸಿಂಗ್ ಖಾಲಿಯಾಗಿದೆ ಎಂದು ಹೇಳುವ ಸೆನ್ಸರ್ ಬೇಕು. ಬರುವ ಸೆನ್ಸರ್ ನಿಲುಗಡೆಯ ಭಾಗಕ್ಕಿಂತ ಹಿಂದೆ ಇರಬೇಕು, ಇದರಿಂದ ದಾರಿ ಖಾಲಿ ಇದ್ದಾಗ ರೈಲು ನಿಲ್ಲದೆಯೇ ಅನುಮತಿ ಪಡೆದು ಮುಂದೆ ಹೋಗುತ್ತದೆ.

ಎಂಜಿನ್ ಅಡಿಯಲ್ಲಿ ಆಯಸ್ಕಾಂತ ಅಂಟಿಸಿ ಹಳಿಯ ನಡುವೆ ರೀಡ್ ಸ್ವಿಚ್ ಇಡುವುದು ಹಳೆಯ, ನಂಬಿಕೆಯ ವಿಧಾನ. ಬರುವುದನ್ನು ತಿಳಿಯಲು ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬಿಡುಗಡೆಗೂ ಅದನ್ನೇ ಬಳಸುವವರು ಕ್ರಾಸಿಂಗ್ ದಾಟಿದ ತಕ್ಷಣ ಎರಡನೆಯ ರೀಡ್ ಸ್ವಿಚ್ ಇಟ್ಟುಬಿಡುತ್ತಾರೆ. ಅದನ್ನು ಒತ್ತುವುದು ಎಂಜಿನ್‌ನ ಆಯಸ್ಕಾಂತ, ಆದರೆ ಆಗ ಬಾಲ ಇನ್ನೂ ಹಿಂದಿರುತ್ತದೆ. ಬಿಡುಗಡೆಯ ರೀಡ್ ಸ್ವಿಚ್ ಆಚೆಯ ಫೌಲಿಂಗ್ ಗುರುತಿನಿಂದ ಅತಿ ಉದ್ದದ ರೈಲಿನಷ್ಟು ದೂರದಲ್ಲಿರಬೇಕು, ಇಲ್ಲವೇ ಆಯಸ್ಕಾಂತವನ್ನು ಕೊನೆಯ ಬೋಗಿಗೂ ಅಂಟಿಸಿ ಎಂಜಿನ್‌ನದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡಬೇಕು. ಹೀಗೆ ಮಾಡಿದರೂ ಒಂದು ಕೊರತೆ ಉಳಿಯುತ್ತದೆ. ರೈಲಿನ ಕೊಂಡಿ ಕಳಚಿ ಒಂದು ಬೋಗಿ ಕ್ರಾಸಿಂಗ್ ಮೇಲೆಯೇ ಉಳಿದರೆ ದೂರದಲ್ಲಿರುವ ರೀಡ್ ಸ್ವಿಚ್‌ಗೆ ಅದು ತಿಳಿಯುವುದಿಲ್ಲ.

ಹಳಿಗಳಲ್ಲಿ ಹರಿಯುವ ವಿದ್ಯುತ್ತಿನಿಂದಲೇ ರೈಲಿನ ಇರುವಿಕೆಯನ್ನು ತಿಳಿಯುವ ಟ್ರ್ಯಾಕ್ ಸರ್ಕ್ಯೂಟನ್ನು ವಿಲಿಯಂ ರಾಬಿನ್ಸನ್ ಎಂಬವರು 1872ರಲ್ಲಿ ಅಮೆರಿಕದಲ್ಲಿ ರೂಪಿಸಿದರು. ಅದರ ದೊಡ್ಡ ಗುಣವೆಂದರೆ ಕಳಚಿಬಿದ್ದ ಬೋಗಿಯನ್ನೂ ಅದು ಕಾಣುತ್ತದೆ. ಮಾದರಿಯಲ್ಲಿ ಈ ರೀತಿ ತಿಳಿಯಬೇಕೆಂದರೆ ಪ್ರತಿ ಬೋಗಿಯ ಒಂದಾದರೂ ಅಚ್ಚಿನ ಎರಡು ಚಕ್ರಗಳ ನಡುವೆ 4.7 ರಿಂದ 10 ಕಿಲೋ ಓಮ್ ರೆಸಿಸ್ಟರ್ ಜೋಡಿಸಬೇಕು. 10 ಕಿಲೋ ಓಮ್‌ಗೆ 12 ವೋಲ್ಟ್ ಕೊಟ್ಟರೆ 1.2 ಮಿಲಿಆಂಪಿಯರ್ ಹರಿಯುತ್ತದೆ, ಸೂಕ್ಷ್ಮ ಡಿಟೆಕ್ಟರ್‌ಗೆ ಅಷ್ಟು ಸಾಕು. ಆದರೆ ಡಿಸಿ ಲೇಔಟ್‌ನಲ್ಲಿ ವಿದ್ಯುತ್ ತಪ್ಪಿಸಿದ ಭಾಗದಲ್ಲಿ ಏನೂ ಹರಿಯುವುದಿಲ್ಲವಾದ್ದರಿಂದ ಡಿಟೆಕ್ಟರ್ ಕುರುಡಾಗುತ್ತದೆ. ಹಾಗಾಗಿ ಈ ವಿಧಾನ ಸದಾ ವಿದ್ಯುತ್ ಇರುವ ಡಿಸಿಸಿ ಲೇಔಟ್‌ಗೆ ಹೆಚ್ಚು ಸೂಕ್ತ.

ಮನೆಯ ಡಿಸಿ ಲೇಔಟ್‌ಗೆ ನಾನು ಮೆಚ್ಚುವುದು ಇನ್‌ಫ್ರಾರೆಡ್ ಕಿರಣದ ಸೆನ್ಸರ್. ಹಳಿಯ ಒಂದು ಕಡೆ ಕಿರಣ ಬಿಡುವ ಎಲ್‌ಇಡಿ, ಇನ್ನೊಂದು ಕಡೆ ಅದನ್ನು ಗ್ರಹಿಸುವ ಬಿಡಿಭಾಗ ಇಟ್ಟು, ರೈಲು ಅಡ್ಡ ಬಂದಾಗ ಕಿರಣ ಕಡಿಯುವಂತೆ ಮಾಡಬೇಕು. ಕಿರಣವನ್ನು ಹಳಿಗೆ ಲಂಬವಾಗಿ ಇಟ್ಟರೆ ಎರಡು ಬೋಗಿಗಳ ನಡುವಿನ ಸಂದಿನಲ್ಲಿ ಅದು ತೂರಿಹೋಗಿ ಖಾಲಿ ಎಂಬ ಸುಳ್ಳು ಸುದ್ದಿ ಕೊಡುತ್ತದೆ. 45 ಡಿಗ್ರಿ ಓರೆಯಾಗಿ, ಬೋಗಿಯ ಮೈಯ ಎತ್ತರಕ್ಕೆ ಇಟ್ಟರೆ ಸಂದು ಬಹುಮಟ್ಟಿಗೆ ಮುಚ್ಚುತ್ತದೆ. ಬೋಗಿಯ ಎತ್ತರವಿಲ್ಲದ ಚಪ್ಪಟೆ ಗೂಡ್ಸ್ ವ್ಯಾಗನ್‌ಗಳನ್ನು ಓಡಿಸುವವರು ಕಿರಣವನ್ನು ಅದಕ್ಕೆ ತಕ್ಕಂತೆ ತಗ್ಗಿಸಬೇಕು. ಎರಡೂ ದಾರಿಗಳ ನಾಲ್ಕೂ ಫೌಲಿಂಗ್ ಗುರುತುಗಳನ್ನು ಕಾಯಲು ನಾಲ್ಕು ಕಿರಣಗಳು ಬೇಕಾಗುತ್ತವೆ. ಕ್ರಾಸಿಂಗ್ ಮಧ್ಯಕ್ಕೆ ಐದನೆಯದನ್ನೂ ಹಾಕಿದರೆ ಕೊಂಡಿ ಕಳಚಿ ನಡುವೆಯೇ ಉಳಿದ ಬೋಗಿಯೂ ಸಿಕ್ಕಿಬೀಳುತ್ತದೆ. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಪಕ್ಕದಲ್ಲಿ ಈ ಸೆನ್ಸರ್‌ಗಳು ಮೋಸ ಹೋಗುತ್ತವೆ, ಗ್ರಾಹಕದ ಸುತ್ತ ಕಪ್ಪು ಕೊಳವೆಯ ತುಂಡೊಂದನ್ನು ಏರಿಸಿದರೆ ಬಹುಪಾಲು ಸರಿಹೋಗುತ್ತದೆ.

ಯಾವ ಸೆನ್ಸರ್ ಆದರೂ ಕಿರಣ ತೆರೆದ ಕೂಡಲೇ ದಾರಿ ಬಿಡಬಾರದು. ಎಲ್ಲ ಕಿರಣಗಳೂ ಸತತವಾಗಿ 3 ಸೆಕೆಂಡ್ ತೆರೆದಿದ್ದರೆ ಮಾತ್ರ ಬಾಲ ಹೋಯಿತೆಂದು ನಂಬಬೇಕು.

ಏಳನೆಯ ಹೆಜ್ಜೆ: ತೀರ್ಮಾನದ ಕ್ರಮ

ರಿಲೇಗಳಿಂದಲೇ ಇಡೀ ತರ್ಕವನ್ನು ಕಟ್ಟಬಹುದಾದರೂ ಆರ್ಡುಯಿನೊದಂಥ, ಪ್ರೋಗ್ರಾಂ ಬರೆದು ನಡೆಸುವ ಸಣ್ಣ ಬೋರ್ಡ್ ಇದ್ದರೆ ಕೆಲಸ ಹಗುರ. ಯಾವುದರಲ್ಲಿ ಮಾಡಿದರೂ ಕ್ರಾಸಿಂಗ್‌ಗೆ ಮೂರೇ ಸ್ಥಿತಿಗಳಿರಬೇಕು: ಖಾಲಿ, ಮೊದಲ ದಾರಿಗೆ ಕೊಟ್ಟದ್ದು, ಎರಡನೆಯ ದಾರಿಗೆ ಕೊಟ್ಟದ್ದು. ಖಾಲಿ ಸ್ಥಿತಿಯಲ್ಲಿ ಎರಡೂ ನಿಲುಗಡೆಗಳು ನಿರ್ಜೀವವಾಗಿರುತ್ತವೆ. ಇದಕ್ಕಾಗಿ ದಾರಿ ಆಯ್ಕೆ ಮಾಡುವ ರಿಲೇಯ ಮುಂದೆ ಎರಡೂ ಕಂಟ್ರೋಲರ್‌ಗಳ ತಂತಿ ಹಾದುಹೋಗುವಂತೆ ಇನ್ನೊಂದು ರಿಲೇ ಇಟ್ಟು, ಅದು ಎಳೆದುಕೊಂಡಾಗ ಮಾತ್ರ ವಿದ್ಯುತ್ ಮುಂದಕ್ಕೆ ಹೋಗುವಂತೆ ಜೋಡಿಸಬೇಕು. ಆಗ ಬೋರ್ಡ್‌ಗೆ ವಿದ್ಯುತ್ ಹೋದರೂ ಆ ರಿಲೇಯ ತಂತಿ ಕಡಿದರೂ ಎರಡೂ ರೈಲುಗಳು ನಿಲ್ಲುತ್ತವೆ, ಡಿಕ್ಕಿಯಾಗುವುದಿಲ್ಲ.

ಮೊದಲು ಕೇಳಿದವರಿಗೆ ಮೊದಲು ದಾರಿ ಸಿಗಬೇಕು. ಎರಡೂ ಒಂದೇ ಕ್ಷಣದಲ್ಲಿ ಕೇಳಿದರೆ ಯಾವುದಕ್ಕೆ ಕೊಡಬೇಕೆಂದು ಮೊದಲೇ ನಿಶ್ಚಯಿಸಿರಬೇಕು. ಕೊಟ್ಟ ಮೇಲೆ ಇನ್ನೊಂದು ದಾರಿಯ ಕೋರಿಕೆ ಬಂದರೆ ಅದನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ನಿಲುಗಡೆಗೆ ಬಂದು ನಿಂತ ರೈಲಿನ ಎಂಜಿನ್ ಬರುವ ಸೆನ್ಸರನ್ನು ದಾಟಿಯಾಗಿರುತ್ತದೆ, ಅದು ಮತ್ತೆ ಕೇಳಲಾರದು. ಬಿಡುಗಡೆಗೆ ಎರಡು ಷರತ್ತುಗಳಿರಬೇಕು: ದಾರಿ ಪಡೆದ ರೈಲು ಆಚೆಯ ಸೆನ್ಸರನ್ನು ತಲುಪಿರಬೇಕು, ಎಲ್ಲ ಕಿರಣಗಳೂ ತೆರೆದಿರಬೇಕು. ಮೊದಲ ಷರತ್ತು ಇಲ್ಲದಿದ್ದರೆ ಅನುಮತಿ ಪಡೆದು ಇನ್ನೂ ಕ್ರಾಸಿಂಗ್ ತಲುಪದ ರೈಲಿನ ದಾರಿಯನ್ನು ವ್ಯವಸ್ಥೆ ಖಾಲಿಯೆಂದು ತಿಳಿದು ಇನ್ನೊಂದಕ್ಕೆ ಕೊಟ್ಟುಬಿಡುತ್ತದೆ. ಬಿಡುಗಡೆಯಾದ ಮೇಲೆ ಎರಡೂ ಕಡೆ ಕಾಯುವವರಿದ್ದರೆ ಕಳೆದ ಸಲ ಹೋಗದ ದಾರಿಗೆ ಕೊಡಬೇಕು.

ಒಂದೇ ಹಳಿಯಲ್ಲಿ ಎರಡೂ ದಿಕ್ಕಿಗೆ ಓಡಿಸುವವರಿಗೆ ಒಂದು ಮಾತು. ಆಗ ಕ್ರಾಸಿಂಗ್‌ನ ಎರಡೂ ಬದಿಯಲ್ಲಿ ನಿಲುಗಡೆಯ ಭಾಗ ಇರುತ್ತದೆ, ದಾಟಿಹೋದ ಗಿಡ್ಡ ರೈಲು ಆಚೆಯ ನಿಲುಗಡೆಯೊಳಗೇ ಇರುವಾಗ ದಾರಿ ಬಿಟ್ಟರೆ ಅದು ಅಲ್ಲೇ ನಿಂತುಬಿಡುತ್ತದೆ. ಆಚೆಯ ಸೆನ್ಸರನ್ನು ನಿಲುಗಡೆಯ ಭಾಗದ ಹೊರತುದಿಗೆ ಸರಿಸಿ, ಅದನ್ನು ಬಾಲವೂ ದಾಟಿದ ಮೇಲೆ ಬಿಡುಗಡೆ ಮಾಡಬೇಕು.

ಲೇಔಟ್‌ಗೆ ವಿದ್ಯುತ್ ಹೋಗಿ ಮತ್ತೆ ಬಂದಾಗ ಬೋರ್ಡ್‌ಗೆ ಹಿಂದಿನದು ನೆನಪಿರುವುದಿಲ್ಲ. ಆ ಹೊತ್ತಿಗೆ ಯಾವುದಾದರೂ ಕಿರಣ ಕಡಿದಿದ್ದರೆ ಯಾರಿಗೂ ದಾರಿ ಕೊಡದೆ, ನೀವು ಬಂದು ನೋಡಿ ಒಂದು ಗುಂಡಿ ಒತ್ತುವವರೆಗೂ ಕಾಯುವಂತೆ ಬರೆಯಬೇಕು.

ಡಿಸಿಸಿ ಲೇಔಟ್‌ನಲ್ಲಿ

ಡಿಸಿಸಿಯಲ್ಲಿ ಹಳಿಗೆ ಸದಾ ವಿದ್ಯುತ್ ಇದ್ದು ಎಂಜಿನ್ ಒಳಗಿನ ಡಿಕೋಡರ್ ಆಜ್ಞೆಯಂತೆ ನಡೆಯುತ್ತದೆ. ಇಲ್ಲಿ ಹಳಿಯನ್ನು ನಿರ್ಜೀವ ಮಾಡಿದರೆ ದೀಪ, ಸದ್ದು ಎರಡೂ ಒಟ್ಟಿಗೆ ಆರಿ ಚಂದ ಕೆಡುತ್ತದೆ. ಅದಕ್ಕಿಂತ ಗಂಭೀರವಾದ ತೊಂದರೆ ಇನ್ನೊಂದಿದೆ: ಕೊಳೆಯಾದ ಹಳಿಯಲ್ಲಿ ತಡವರಿಸದಿರಲೆಂದು ದೊಡ್ಡ ಕೆಪಾಸಿಟರ್ ಅಳವಡಿಸಿದ ಎಂಜಿನ್ ವಿದ್ಯುತ್ ತಪ್ಪಿದ ಮೇಲೂ ಕೆಲವು ಸೆಕೆಂಡ್ ಓಡುತ್ತದೆ, ನಿಲುಗಡೆಯನ್ನು ದಾಟಿ ಕ್ರಾಸಿಂಗ್ ಒಳಗೇ ಬರುತ್ತದೆ. ಡಿಸಿಯಲ್ಲಿ ಹೇಳಿದ ಒಂಟಿ ಡಯೋಡ್ ಉಪಾಯವನ್ನು ಇಲ್ಲಿ ಬಳಸಲೇಬಾರದು. ಅದು ಡಿಸಿಸಿ ಸಂಕೇತವನ್ನು ಅರ್ಧ ಕತ್ತರಿಸುತ್ತದೆ, ಡಿಸಿಯಲ್ಲೂ ಓಡಲು ಅನುಮತಿ ಇರುವ ಡಿಕೋಡರ್ ಆ ಅರ್ಧವನ್ನು ಡಿಸಿಯೆಂದು ತಿಳಿದು ಎಂಜಿನ್ನನ್ನು ಓಡಿಸಿಬಿಡಬಹುದು. ಡಿಕೋಡರ್‌ನ ಹೊಂದಾಣಿಕೆಗಳನ್ನು ಬರೆದಿಡುವ ಸಿವಿಗಳಲ್ಲಿ ಒಂದಾದ ಸಿವಿ 29ರಲ್ಲಿ ಆ ಅನುಮತಿಯನ್ನು ತೆಗೆದುಹಾಕುವುದು ಕ್ಷೇಮ.

ಡಿಸಿಸಿಗೆ ಹೊಂದುವ ಒಳ್ಳೆಯ ವಿಧಾನ ಎಬಿಸಿ ಎಂದು ಕರೆಯುವ ಬ್ರೇಕ್ ಪದ್ಧತಿ. ನಿಲುಗಡೆಯ ಭಾಗದ ಒಂದು ಕಂಬಿಗೆ ಹೋಗುವ ತಂತಿಯಲ್ಲಿ ನಾಲ್ಕೋ ಐದೋ ಡಯೋಡ್‌ಗಳನ್ನು ಸಾಲಾಗಿ ಒಂದು ದಿಕ್ಕಿಗೂ, ಅವಕ್ಕೆ ಅಡ್ಡಲಾಗಿ ಒಂದೇ ಡಯೋಡನ್ನು ಎದುರು ದಿಕ್ಕಿಗೂ ಹಾಕಿದರೆ ಸಂಕೇತದ ಎರಡು ಅರ್ಧಗಳ ವೋಲ್ಟೇಜ್‌ನಲ್ಲಿ ಚಿಕ್ಕ ವ್ಯತ್ಯಾಸ ಬರುತ್ತದೆ. ಸಿವಿ 27ರಲ್ಲಿ ಈ ಸೌಲಭ್ಯವನ್ನು ತೆರೆದಿರುವ ಡಿಕೋಡರ್ ಆ ವ್ಯತ್ಯಾಸವನ್ನು ಗುರುತಿಸಿ, ಸಿವಿ 4ರಲ್ಲಿ ಬರೆದ ಇಳಿಕೆಯ ಪ್ರಮಾಣದಂತೆ ಎಂಜಿನ್ನನ್ನು ಮೆಲ್ಲನೆ ನಿಲ್ಲಿಸುತ್ತದೆ. ದೀಪವೂ ಸದ್ದೂ ಉಳಿಯುತ್ತವೆ, ಎದುರು ದಿಕ್ಕಿನಿಂದ ಬರುವ ರೈಲಿಗೆ ಇದು ಅಡ್ಡಿಯಾಗುವುದೂ ಇಲ್ಲ. ದಾರಿ ಸಿಕ್ಕಾಗ ರಿಲೇ ಡಯೋಡ್‌ಗಳನ್ನು ಬದಿಗಿಟ್ಟು ನೇರ ವಿದ್ಯುತ್ ಕೊಡುತ್ತದೆ. ಮೆಲ್ಲನೆ ನಿಲ್ಲುವುದರಿಂದ ನಿಲುಗಡೆಯ ಉದ್ದ ಡಿಸಿಯದಕ್ಕಿಂತ ಹೆಚ್ಚು ಬೇಕು, ಪ್ರತಿ ಎಂಜಿನ್‌ಗೂ ಸಿವಿ 4ನ್ನು ಹೊಂದಿಸಿ ಅಳೆಯಬೇಕು. ಎಬಿಸಿ ಅರಿಯದ ಡಿಕೋಡರ್ ಇರುವ ಒಂದೇ ಒಂದು ಎಂಜಿನ್ ಲೇಔಟ್‌ನಲ್ಲಿದ್ದರೂ ಅದಕ್ಕೆ ಕ್ರಾಸಿಂಗ್ ರಕ್ಷಣೆ ಇಲ್ಲವೆಂದೇ ತಿಳಿಯಬೇಕು.

ಕೊನೆಯ ಹೆಜ್ಜೆ: ಕೆಡಿಸಲು ಪ್ರಯತ್ನಿಸಿ ನೋಡುವುದು

ಜೋಡಣೆ ಮುಗಿದ ಮೇಲೆ ಒಳ್ಳೆಯ ಎಂಜಿನ್‌ಗಳನ್ನು ಕಪಾಟಿನಲ್ಲೇ ಇಟ್ಟು, ಹಳೆಯ ಎಂಜಿನ್ ಮತ್ತು ಹಳೆಯ ಬೋಗಿಗಳಿಂದ ಪರೀಕ್ಷೆ ಮಾಡಬೇಕು. ಒಂದು ದಾರಿಯಲ್ಲಿ ರೈಲನ್ನು ಕ್ರಾಸಿಂಗ್ ಮಧ್ಯದಲ್ಲಿ ಕೈಯಿಂದ ಹಿಡಿದು ನಿಲ್ಲಿಸಿ, ಇನ್ನೊಂದನ್ನು ಪೂರ್ಣ ವೇಗದಲ್ಲಿ ಕಳುಹಿಸಿ ನೋಡಿರಿ. ಎರಡನ್ನೂ ಒಂದೇ ಕ್ಷಣದಲ್ಲಿ ಬರುವ ಸೆನ್ಸರ್‌ಗೆ ತಲುಪಿಸಿರಿ. ಬರೀ ಎಂಜಿನ್ ಓಡಿಸಿರಿ, ಅತಿ ಉದ್ದದ ರೈಲು ಓಡಿಸಿರಿ, ಅತಿ ನಿಧಾನವಾಗಿ ಓಡಿಸಿರಿ. ನಿಧಾನದ ಓಟದಲ್ಲಿ ಬೋಗಿಗಳ ನಡುವಿನ ಸಂದು ಕಿರಣದ ಮುಂದೆ ಹೆಚ್ಚು ಹೊತ್ತು ನಿಲ್ಲುವುದರಿಂದ 3 ಸೆಕೆಂಡ್ ಸಾಕಾಗುತ್ತದೆಯೇ ಎಂಬುದು ಆಗ ಗೊತ್ತಾಗುತ್ತದೆ. ಕೊನೆಯ ಬೋಗಿಯ ಕೊಂಡಿಯನ್ನು ಬೇಕೆಂದೇ ಕಳಚಿ ಕ್ರಾಸಿಂಗ್ ಮೇಲೆ ಬಿಟ್ಟು ನೋಡಿರಿ. ಒಂದು ಸೆನ್ಸರ್‌ನ ತಂತಿ ಕಿತ್ತು ನೋಡಿರಿ: ಆಗ ಕಿರಣ ಕಡಿದಿದೆ ಎಂದು ವ್ಯವಸ್ಥೆ ತಿಳಿಯಬೇಕು, ತೆರೆದಿದೆ ಎಂದಲ್ಲ. ಹಾಗಾಗದಿದ್ದರೆ ಸೆನ್ಸರ್‌ನ ಜೋಡಣೆಯನ್ನು ತಿರುವುಮುರುವು ಮಾಡಬೇಕು.

ಹೊಸ ಎಂಜಿನ್ ತಂದಾಗಲೆಲ್ಲ ಉರುಳುವ ದೂರವನ್ನು ಮತ್ತೆ ಅಳೆದು ಪಟ್ಟಿಗೆ ಸೇರಿಸಬೇಕು. ತಿಂಗಳಿಗೊಮ್ಮೆ ಕಿರಣದ ಎಲ್‌ಇಡಿ ಮತ್ತು ಗ್ರಾಹಕಗಳ ಮೇಲಿನ ಧೂಳನ್ನು ಮೆತ್ತನೆಯ ಬ್ರಷ್‌ನಿಂದ ತೆಗೆದು, ಪ್ಲಾಸ್ಟಿಕ್ ಜಾಯಿನರ್‌ಗಳ ಬಳಿ ಕಂಬಿಯ ತುದಿಗಳು ಸೆಕೆಗೆ ಹಿಗ್ಗಿ ಒಂದಕ್ಕೊಂದು ತಾಗಿವೆಯೇ ಎಂದು ಮಲ್ಟಿಮೀಟರ್ ಹಿಡಿದು ನೋಡಬೇಕು. ತಾಗಿದ್ದರೆ ನಿರ್ಜೀವವೆಂದು ನಾವು ನಂಬಿದ ಹಳಿಗೆ ಜೀವ ಬಂದಿರುತ್ತದೆ. ಸಣ್ಣ ಅರದಿಂದ ಸಂದನ್ನು ಮತ್ತೆ ಬಿಡಿಸಿ, ಅದರೊಳಗೆ ಪ್ಲಾಸ್ಟಿಕ್‌ನ ತೆಳು ತುಂಡೊಂದನ್ನು ಅಂಟಿಸಿದರೆ ಅದು ಮತ್ತೆ ಮುಚ್ಚಿಕೊಳ್ಳುವುದಿಲ್ಲ.